ನಾಲ್ಕು ಹೆಸರುಕಾಳು: ಅಂಗನವಾಡಿಯ ಊಟದ ಸಾಲಿನಲ್ಲಿ ಒಂದು ಮಗುವಿನ ಏಳು ತಿಂಗಳು

ಜೂನ್ ಎರಡನೇ ವಾರ, ಮಧ್ಯಾಹ್ನ ಹನ್ನೆರಡೂವರೆ. ನಮ್ಮ ಅಂಗನವಾಡಿಯಲ್ಲಿ 17 ಮಕ್ಕಳು ಗೋಡೆಗುಂಟ ಸಾಲಾಗಿ ಕೂತಿದ್ದರು. 16 ಮಕ್ಕಳ ಕಣ್ಣು ತಟ್ಟೆಯ ಮೇಲೆ. ಒಬ್ಬನ ಕಣ್ಣು ಮಾತ್ರ ಮೊಬೈಲ್ ಮೇಲೆ. ಎದುರಿಗೆ ಅವನ ಅಜ್ಜಿ ಕುಕ್ಕರಗಾಲಲ್ಲಿ ಕೂತಿದ್ದರು. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ನುಣ್ಣಗೆ ಹಿಸುಕಿದ ಅನ್ನ ಸಾರು. ಹಾಡು ಓಡುತ್ತಿದ್ದರೆ ಬಾಯಿ ತೆರೆಯುತ್ತಿತ್ತು. ಹಾಡು ನಿಂತರೆ ಬಾಯಿ ಮುಚ್ಚುತ್ತಿತ್ತು. ನಡುವೆ ಜಾಹೀರಾತು ಬಂದರೆ ತುತ್ತು ಕೆನ್ನೆಯೊಳಗೇ ಉಳಿದುಬಿಡುತ್ತಿತ್ತು.

ಈ ಮಗುವಿನ ನಿಜವಾದ ಹೆಸರು ಇಲ್ಲಿ ಬೇಡ. ಪುಟ್ಟ ಅಂತ ಕರೆಯೋಣ. ಆಗ ಅವನಿಗೆ ಮೂರು ವರ್ಷ ಎರಡು ತಿಂಗಳು. ನಾನು ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ 14 ವರ್ಷದಿಂದ ಅಂಗನವಾಡಿ ಕಾರ್ಯಕರ್ತೆ. ನಮ್ಮದು ತೆಂಗು, ರಾಗಿ ಬೆಳೆಯುವ ಊರು. ಜೂನ್‌ನಿಂದ ಜನವರಿವರೆಗೆ ಪುಟ್ಟನ ಊಟದ ಬಗ್ಗೆ ಒಂದು ನೋಟ್‌ಬುಕ್‌ನಲ್ಲಿ ದಿನಾ ಒಂದೆರಡು ಸಾಲು ಬರೆದಿಟ್ಟೆ. ವಲಯ ಸಭೆಯಲ್ಲಿ ಈ ಸಂಗತಿ ಹೇಳಿದಾಗ, ಪೂರ್ತಿ ಬರೆದುಕೊಡಿ ಅಂತ ಜೊತೆಯವರು ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾಗಿದ್ದು 1975ರಲ್ಲಿ, ತಿ. ನರಸೀಪುರ ತಾಲ್ಲೂಕಿನಲ್ಲಿ. ಅಂದಿನಿಂದ ನಮ್ಮಂಥವರು ಮಕ್ಕಳ ತೂಕ ಬರೆಯುತ್ತಲೇ ಬಂದಿದ್ದೇವೆ. ಮೂರರಿಂದ ಆರು ವರ್ಷದ ಮಗುವಿಗೆ ನಾವು ಕೊಡುವ ಆಹಾರದಲ್ಲಿ ದಿನಕ್ಕೆ ಇಷ್ಟು ಕ್ಯಾಲೊರಿ, ಇಷ್ಟು ಗ್ರಾಂ ಪ್ರೋಟೀನ್ ಇರಬೇಕು ಅನ್ನೋದು ನಮಗೆಲ್ಲ ಬಾಯಿಪಾಠ. ಆದರೆ ಆ ಊಟದ ಅರ್ಧ ಗಂಟೆಯಲ್ಲಿ ಮಗು ಏನು ಕಲಿಯಿತು ಅಂತ ಬರೆಯಲು ರಿಜಿಸ್ಟರ್‌ನಲ್ಲಿ ಕಾಲಂ ಇಲ್ಲ. ನನಗೂ ಇಷ್ಟು ವರ್ಷ ಅದು ಹೊಳೆದಿರಲಿಲ್ಲ. ಊಟ ಅಂದರೆ ಹೊಟ್ಟೆ ತುಂಬಿಸೋದು, ಪಾಠ ಅಂದರೆ ಊಟಕ್ಕೆ ಮುಂಚೆ ಮಾಡೋದು ಅಂತಲೇ ಅಂದುಕೊಂಡಿದ್ದೆ.

ಮಗು ಮತ್ತು ಮನೆ

ಸೇರಿದ ದಿನ ಪುಟ್ಟನ ತೂಕ 12.1 ಕೆಜಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಪ್ರಕಾರ ಮೂರು ವರ್ಷ ತುಂಬಿದ ಗಂಡು ಮಗುವಿನ ನಡುಮಟ್ಟದ ತೂಕ 14.3 ಕೆಜಿ. 11.3ಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅಂತ ಲೆಕ್ಕ. ಅಂದರೆ ಪುಟ್ಟ ತೂಕದ ಚಾರ್ಟಿನಲ್ಲಿ ಸರಿ ಅನ್ನುವ ಹಸಿರು ಬಣ್ಣದಲ್ಲೇ ಇದ್ದ, ಆದರೆ ಗೆರೆಗೆ ತೀರಾ ಹತ್ತಿರ. ಮೊದಲು ಡಾಕ್ಟರಿಗೆ ತೋರಿಸಿದೆವು. ಹಲ್ಲು, ಗಂಟಲು, ನುಂಗುವುದು ಎಲ್ಲ ಸರಿಯಾಗಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ. ಯಾಕೆಂದರೆ ತಿನ್ನದ ಮಗುವನ್ನೆಲ್ಲ ಹಟಮಾರಿ ಅಂದುಕೊಳ್ಳಬಾರದು. ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಬರುತ್ತಿದ್ದರೆ ಅದು ಬೇರೆ ವಿಷಯ. ಅದು ಅಂಗನವಾಡಿಯಲ್ಲಿ ಕೂತು ಬಗೆಹರಿಸುವುದಲ್ಲ.

ಪುಟ್ಟನ ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ವಾಪಸ್ ಬರುವುದು ಸಂಜೆ ಏಳಕ್ಕೆ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಕೆಲಸ. ಮಗುವನ್ನು ಸಾಕಿದ್ದೆಲ್ಲ ಅಜ್ಜಿ. ದಿನಕ್ಕೆ ನಾಲ್ಕು ಸಲ ಬಾಟಲಿ ಹಾಲು, ಮಧ್ಯೆ ಬಿಸ್ಕತ್ತು, ಬಾಳೆಹಣ್ಣು, ಎರಡು ಹೊತ್ತು ಹಿಸುಕಿದ ಅನ್ನ. ಕೇಳುವವರಿಗೆ ಅಜ್ಜಿ ಮುದ್ದು ಮಾಡಿ ಕೆಡಿಸಿದರು ಅನ್ನಿಸಬಹುದು. ನನಗೂ ಮೊದಲ ದಿನ ಹಾಗೇ ಅನ್ನಿಸಿತ್ತು. ಆಮೇಲೆ ಗೊತ್ತಾಯ್ತು, ಒಂದೂವರೆ ವರ್ಷ ಇದ್ದಾಗ ಮಗುವಿಗೆ ವಾಂತಿ ಭೇದಿಯಾಗಿ ಸೊರಗಿ ಹೋಗಿತ್ತಂತೆ. ಆಸ್ಪತ್ರೆಯಲ್ಲಿ ನಾಲ್ಕು ದಿನ. "ಆವತ್ತಿಂದ ಇವ್ನು ಒಂದು ತುತ್ತು ಬಿಟ್ರೆ ನನ್ನ ಹೊಟ್ಟೇಲಿ ಬೆಂಕಿ ಬಿದ್ದಂಗಾಗುತ್ತೆ ಟೀಚರಮ್ಮ" ಅಂದರು ಅಜ್ಜಿ. ಆ ಮಾತು ಕೇಳಿದ ಮೇಲೆ ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ.

ತೂಕಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಪುಟ್ಟನಿಗೆ ಅನ್ನವೂ ಮಮ್ಮಂ, ಸಾರೂ ಮಮ್ಮಂ, ಕ್ಯಾರೆಟ್ಟೂ ಮಮ್ಮಂ. ಯಾವ ತರಕಾರಿಗೂ ಹೆಸರಿಲ್ಲ. ಕೈಗೆ ಅಂಟು ತಾಗಿದರೆ ಬೆರಳು ಅಗಲಿಸಿ ಅಳುತ್ತಿದ್ದ, ಯಾರಾದರೂ ಬಂದು ಒರೆಸಬೇಕು. ಅಗಿಯುವುದು ಗೊತ್ತಿರಲಿಲ್ಲ. ಹಸಿವು ಅಂತ ಹೇಳುತ್ತಿರಲಿಲ್ಲ, ಸಾಕು ಅಂತಲೂ ಹೇಳುತ್ತಿರಲಿಲ್ಲ. ಹೇಳುವ ಸಂದರ್ಭವೇ ಅವನಿಗೆ ಬಂದಿರಲಿಲ್ಲ ಅಲ್ವಾ? ಹಸಿವಾಗುವ ಮುಂಚೆ ಬಾಟಲಿ ಬರುತ್ತಿತ್ತು. ಹೊಟ್ಟೆ ತುಂಬಿತೋ ಇಲ್ಲವೋ ಅಂತ ತೀರ್ಮಾನ ಮಾಡುವುದು ಅಜ್ಜಿಯ ಬಟ್ಟಲು. ಬಟ್ಟಲು ಖಾಲಿಯಾದರೆ ಊಟ ಮುಗಿಯಿತು.

ನಾನು ಮಾಡಿದ ಎರಡು ತಪ್ಪು

ಮೊದಲ ಎರಡು ವಾರ ನಾನು ನನಗೆ ಗೊತ್ತಿದ್ದ ಹಳೇ ದಾರಿಯನ್ನೇ ಹಿಡಿದೆ. "ಯಾರು ಮೊದಲು ತಟ್ಟೆ ಖಾಲಿ ಮಾಡ್ತಾರೆ ನೋಡೋಣ" ಅಂತ ಪಂದ್ಯ ಇಟ್ಟೆ. ಪುಟ್ಟ ಕದಲಲಿಲ್ಲ. ಪಕ್ಕದ ಹುಡುಗಿ ಗಬಗಬ ನುಂಗಿ, ಕೆಮ್ಮಿ, ವಾಂತಿ ಮಾಡಿಕೊಂಡಳು. ಆ ಮಗುವಿನ ಬೆನ್ನು ಸವರುತ್ತಾ ನನಗೆ ತುಂಬಾ ನಾಚಿಕೆಯಾಯ್ತು. ಪಂದ್ಯ ಅಂದೇ ನಿಲ್ಲಿಸಿದೆ.

ಎರಡನೇದು ಬೆಲ್ಲ. ಮೂರು ತುತ್ತು ತಿಂದರೆ ಒಂದು ಚೂರು ಬೆಲ್ಲ ಅಂತ ಆಸೆ ತೋರಿಸಿದೆ. ಎರಡು ದಿನ ನಡೆಯಿತು. ಮೂರನೇ ದಿನ ಪುಟ್ಟ ತಟ್ಟೆ ನೋಡುವ ಮುಂಚೆಯೇ "ಬೆಲ್ಲ" ಅಂದ. ಕೊಡದಿದ್ದಾಗ ತಟ್ಟೆ ತಳ್ಳಿದ. ಅವನದೇನು ತಪ್ಪು? ಬೆಲ್ಲ ಒಳ್ಳೇದು, ಅದನ್ನು ಪಡೆಯಲು ಸಹಿಸಿಕೊಳ್ಳಬೇಕಾದ ಕಷ್ಟ ಅನ್ನ ಸಾಂಬಾರು ಅಂತ ಅವನಿಗೆ ಕಲಿಸಿಕೊಟ್ಟವಳು ನಾನೇ. ಮಗು ನಾವು ಹೇಳಿದ್ದನ್ನು ಬಿಟ್ಟು, ನಾವು ಮಾಡಿದ್ದನ್ನು ಸರಿಯಾಗಿಯೇ ಕಲಿತಿತ್ತು.

ಮಕ್ಕಳ ಊಟದ ಬಗ್ಗೆ ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿದ ಒಂದು ಸೂತ್ರ ಇದೆ. ಏನು ಬಡಿಸಬೇಕು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಕೆಲಸ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಅನ್ನೋದು ಮಗುವಿನ ಕೆಲಸ. ಕೇಳಲು ಸುಲಭ. ಆದರೆ ಮಗು ತಿನ್ನದೆ ಕೂತಾಗ ಸುಮ್ನೆ ನಮ್ಮ ತಟ್ಟೆ ನಾವು ನೋಡಿಕೊಂಡು ಊಟ ಮಾಡುವುದಿದೆಯಲ್ಲ, ಅದು ಬಹಳ ಕಷ್ಟ. ಹೆತ್ತವರಿಗೆ, ಸಾಕಿದವರಿಗೆ ಇನ್ನೂ ಕಷ್ಟ.

ಜೂನ್ ಕೊನೆಯಲ್ಲಿ ಒಂದು ಭಾನುವಾರ ಅವರ ಮನೆಗೆ ಹೋದೆ. ಅಮ್ಮನೂ ಇದ್ದರು. ಮೂರು ಮಾತು ಒಪ್ಪಿಕೊಂಡೆವು. ಬೆಳಿಗ್ಗೆ ಹತ್ತರ ಮೇಲೆ ಬಾಟಲಿ ಇಲ್ಲ. ಮಧ್ಯಾಹ್ನದ ಊಟಕ್ಕೆ ಫೋನು ಇಲ್ಲ. ಅಜ್ಜಿ ಅಂಗನವಾಡಿಗೆ ಬರಬಹುದು, ಆದರೆ ಅವರೂ ಒಂದು ತಟ್ಟೆ ಇಟ್ಟುಕೊಂಡು ತಾವೇ ಊಟ ಮಾಡಬೇಕು, ಮಗುವಿನ ಬಾಯಿಗೆ ಕೈ ಹೋಗಬಾರದು. ಹಾಲು ಒಳ್ಳೇದು ತಾನೇ ಅಂತ ಅಮ್ಮ ಕೇಳಿದರು. ಒಳ್ಳೇದೇ. ಆದರೆ ಬರೀ ಹಾಲಿನಲ್ಲೇ ಹೊಟ್ಟೆ ತುಂಬಿದರೆ ಬೇರೆ ಊಟಕ್ಕೆ ಜಾಗ ಇರಲ್ಲ, ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ ಅಂದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. ಫೋನಿನ ವಿಷಯಕ್ಕೆ ಅಮ್ಮನೇ ತಲೆಯಾಡಿಸಿದರು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಇಡೀ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಪುಟ್ಟನಿಗೆ ಊಟದ ಹೊತ್ತಿನ ಹಾಡುಗಳೇ ಅಷ್ಟು ದಾಟುತ್ತಿದ್ದವು.

ಒಂಬತ್ತನೇ ದಿನ

ಎಂಟು ದಿನ ಏನೂ ಆಗಲಿಲ್ಲ ಅಂತ ಹೇಳಿದರೆ ಅದು ಪೂರ್ತಿ ನಿಜ ಅಲ್ಲ. ಅಳು ಆಯ್ತು. ತಟ್ಟೆ ಮಗುಚಿತು. ಮೂರನೇ ದಿನ ಅಜ್ಜಿ ತಮ್ಮ ತಟ್ಟೆಯನ್ನೂ ಬಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ಹೋದರು. ನಾನೂ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಮತ್ತು ರಾತ್ರಿ ಮನೆಯಲ್ಲಿ ಹೇಗೂ ತಿನ್ನುತ್ತಾನೆ, ನೀರು ಕುಡಿಯುತ್ತಾನೆ, ಆಟ ಆಡುತ್ತಾನೆ, ಮಗು ಹುಷಾರಾಗಿದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ವಾರಕ್ಕೊಮ್ಮೆ ತೂಕ ನೋಡುತ್ತಿದ್ದೆ.

ಒಂಬತ್ತನೇ ದಿನ ಮೊಳಕೆ ಹೆಸರುಕಾಳು ಬೇಯಿಸಿ ಒಗ್ಗರಣೆ ಹಾಕಿದ್ದೆವು. ಪುಟ್ಟ ಎಂದಿನಂತೆ ತಟ್ಟೆ ನೋಡದೆ ಕೂತಿದ್ದ. ಕಾಲು ಅಲ್ಲಾಡಿಸುವಾಗ ತಟ್ಟೆ ಅಲುಗಿ ಒಂದು ಕಾಳು ಅಂಚಿಗೆ ಬಂತು. ಅದರ ಮೊಳಕೆ ಬಿಳಿಯಾಗಿ ಬಾಗಿಕೊಂಡಿತ್ತು. ಅವನು ಬಗ್ಗಿ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ "ಬಾಲ?" ಅಂದ.

ಊಟದ ಹೊತ್ತಿನಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಪ್ರಶ್ನೆ ಅದು. "ಹೂಂ, ಕಾಳಿಗೆ ಬಾಲ ಬಂದಿದೆ" ಅಂದೆ. ಅಷ್ಟೇ ಅಂದೆ. ತಿನ್ನು ಅಂತ ನಾಲಿಗೆ ತುದಿಗೆ ಬಂದಿತ್ತು, ಕಚ್ಚಿಕೊಂಡೆ. ಅವನು ಹೆಬ್ಬೆರಳು, ತೋರುಬೆರಳಲ್ಲಿ ಕಾಳು ಎತ್ತಿದ. ಜಾರಿತು. ಮತ್ತೆ ಎತ್ತಿದ. ಬಾಲ ಹಿಡಿದು ಎಳೆದ, ಕಿತ್ತು ಬಂತು. ಇನ್ನೊಂದು ಕಾಳು ಎತ್ತಿ ಈ ಸಲ ಬಾಲದ ಸಮೇತ ಬಾಯಿಗೆ ಹಾಕಿಕೊಂಡ. ಕಣ್ಣು ಎಲ್ಲೋ ನೆಟ್ಟು, ನಿಧಾನಕ್ಕೆ ಅಗಿದ. ಅಜ್ಜಿ ತಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಉಸಿರು ಬಿಗಿಹಿಡಿದಿದ್ದರು. ನಾನು ಕಣ್ಸನ್ನೆ ಮಾಡಿ ಸುಮ್ಮನಿರಿಸಿದೆ.

ಆ ದಿನ ನೋಟ್‌ಬುಕ್‌ನಲ್ಲಿ ಬರೆದದ್ದು ಇಷ್ಟು: "4 ಕಾಳು. ತಾನೇ."

ಮಾರನೇ ದಿನ ಮಕ್ಕಳ ಜೊತೆ ಕೂತು ಹೆಸರುಕಾಳು ನೆನೆಹಾಕಿದೆವು. ಬಟ್ಟೆಯಲ್ಲಿ ಕಟ್ಟಿ ಕಿಟಕಿ ಪಕ್ಕ ಇಟ್ಟೆವು. ಪುಟ್ಟ ದಿನಕ್ಕೆ ಐದಾರು ಸಲ ಬಟ್ಟೆ ಬಿಚ್ಚಿಸಿ ಬಾಲ ಬಂತಾ ಅಂತ ನೋಡುತ್ತಿದ್ದ. ಬೀಜ ನೀರು ಕುಡಿದು ಮೊಳಕೆ ಒಡೆಯುತ್ತದೆ ಅಂತ ನಾನು ಚಾರ್ಟು ತೋರಿಸಿ ಎಷ್ಟು ವರ್ಷ ಹೇಳಿಕೊಟ್ಟಿದ್ದೇನೋ. ಒಂದು ಮಗುವೂ ಹೀಗೆ ದಿನವಿಡೀ ಕಾದಿರಲಿಲ್ಲ.

ತಟ್ಟೆ ಹಂಚುವ ಕೆಲಸ

ಆಗಸ್ಟ್‌ನಲ್ಲಿ ಪುಟ್ಟನಿಗೆ ತಟ್ಟೆ ಹಂಚುವ ಕೆಲಸ ಕೊಟ್ಟೆ. ದಿನಾ ಇಬ್ಬರು ಮಕ್ಕಳು ಹಂಚುವುದು ನಮ್ಮಲ್ಲಿ ರೂಢಿ. ಸ್ಟೀಲ್ ತಟ್ಟೆ ಮೂರು ಮೂರರಂತೆ ಎದೆಗೆ ಒತ್ತಿ ಹಿಡಿದು ತಂದು, ಒಬ್ಬೊಬ್ಬರ ಮುಂದೆ ಒಂದೊಂದು ಇಡಬೇಕು. ಮೊದಲ ವಾರ ಒಬ್ಬರ ಮುಂದೆ ಎರಡು, ಇನ್ನೊಬ್ಬರ ಮುಂದೆ ಸೊನ್ನೆ. "ನಂಗಿಲ್ಲಾ" ಅಂತ ಕೂಗು. ಅವನು ಗಾಬರಿಯಾಗಿ ಎರಡಿದ್ದ ಕಡೆಯಿಂದ ಒಂದನ್ನು ಎತ್ತಿ ಇಲ್ಲದ ಕಡೆ ಇಡುತ್ತಿದ್ದ. ಒಂದಕ್ಕೊಂದು ಜೋಡಿಸುವುದು ಲೆಕ್ಕದ ಮೊದಲ ಮೆಟ್ಟಿಲು. ಒಂದು, ಎರಡು, ಮೂರು ಅಂತ ಹಾಡಿನ ಹಾಗೆ ಹತ್ತರವರೆಗೆ ಹೇಳುವ ಮಕ್ಕಳಿಗೂ ಎಷ್ಟೋ ಸಲ ಅದು ಬಂದಿರುವುದಿಲ್ಲ. ಪುಟ್ಟನಿಗೆ ಹತ್ತರವರೆಗೆ ಹೇಳಲು ಬರುತ್ತಿರಲಿಲ್ಲ. ಆದರೆ ಪ್ರತಿಯೊಬ್ಬರಿಗೂ ತಟ್ಟೆ ಬಂತೋ ಇಲ್ಲವೋ ಅನ್ನುವುದು ಅವನಿಗೆ ಬೇಗ ಬಂತು.

ಒಂದು ದಿನ ಹಂಚಿದ ಮೇಲೆ ಅವನ ಕೈಯಲ್ಲಿ ಒಂದು ತಟ್ಟೆ ಉಳಿಯಿತು. ಸಹಾಯಕಿ ಹಿಂದಿನ ದಿನದ ಲೆಕ್ಕದಲ್ಲೇ ಎಣಿಸಿಟ್ಟಿದ್ದರು. ಪುಟ್ಟ ತಟ್ಟೆ ಹಿಡಿದು ನಿಂತ. ಸಾಲಿನ ಉದ್ದಕ್ಕೂ ನಡೆದು ಒಬ್ಬೊಬ್ಬರ ತಲೆ ಮುಟ್ಟಿ ನೋಡಿದ. ಎಲ್ಲರ ಮುಂದೆಯೂ ತಟ್ಟೆ ಇತ್ತು. ತನ್ನ ಜಾಗಕ್ಕೆ ಬಂದು ಪಕ್ಕದ ಖಾಲಿ ಜಾಗ ನೋಡಿದ. "ಅಕ್ಕ ಇಲ್ಲ" ಅಂದ. ಆ ಪಂದ್ಯದ ದಿನ ವಾಂತಿ ಮಾಡಿಕೊಂಡಿದ್ದ ಹುಡುಗಿಯನ್ನೇ ಅವನು ಅಕ್ಕ ಅನ್ನುತ್ತಿದ್ದ. ಅವಳಿಗೆ ಜ್ವರ ಬಂದಿತ್ತು. ಪುಟ್ಟ ಆ ತಟ್ಟೆಯನ್ನು ಅವಳ ಜಾಗದಲ್ಲಿ ಬೋರಲು ಹಾಕಿಟ್ಟ. ಯಾರಾದರೂ ತೆಗೆಯಲು ಹೋದರೆ ಬಿಡಲಿಲ್ಲ. ಊಟ ಮುಗಿಯುವವರೆಗೂ ಅದು ಅಲ್ಲೇ ಇತ್ತು.

ಇದನ್ನು ಯಾವ ಪಾಠ ಅಂತ ಕರೆಯಲಿ? ಕಳೆಯುವ ಲೆಕ್ಕವೂ ಹೌದು, ಇಲ್ಲದವರನ್ನು ನೆನೆಯುವುದೂ ಹೌದು. ಎರಡೂ ಒಂದೇ ತಟ್ಟೆಯಲ್ಲಿ ಬಂದವು.

ಸಾಲಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮೂರಿನ ದೊಡ್ಡವರ ಊಟದಲ್ಲಿ ಯಾರ ಪಕ್ಕ ಯಾರು ಕೂರಬೇಕು ಅನ್ನುವುದು ಇನ್ನೂ ಪೂರ್ತಿ ಹೋಗಿಲ್ಲ. ಅಂಗನವಾಡಿಯ ಸಾಲಿನಲ್ಲಿ ಎಲ್ಲ ಕೇರಿಯ ಮಕ್ಕಳೂ ಒಂದೇ ಚಾಪೆ, ಒಂದೇ ಸೌಟು. ಮೂರು ವರ್ಷದ ಮಗುವಿಗೆ ಇದನ್ನು ಬಾಯಲ್ಲಿ ಹೇಳಿಕೊಡಲು ಆಗಲ್ಲ. ದಿನಾ ಪಕ್ಕದಲ್ಲಿ ಕೂತು ಉಂಡರೆ ಅದು ಮೈಗೆ ಹತ್ತುತ್ತದೆ. ಮೊಟ್ಟೆ ಕೊಡುವ ದಿನ ಒಬ್ಬ ಹುಡುಗಿ "ನಮ್ಮನೇಲಿ ತಿನ್ನಲ್ಲ" ಅನ್ನುತ್ತಾಳೆ, ಅವಳಿಗೆ ಬಾಳೆಹಣ್ಣು. ಪಕ್ಕದವನು ಮೊಟ್ಟೆ ಸುಲಿಯುತ್ತಾ "ನಮ್ಮನೇಲಿ ತಿಂತೀವಿ" ಅನ್ನುತ್ತಾನೆ. ಅಲ್ಲಿಗೆ ಆ ಮಾತು ಮುಗಿಯುತ್ತದೆ, ಇಬ್ಬರೂ ಅಂಟಿಕೊಂಡೇ ಕೂತಿರುತ್ತಾರೆ. ನನಗೆ ಇದು ಅಂಗನವಾಡಿಯ ಬಹಳ ದೊಡ್ಡ ಕೆಲಸ ಅನ್ನಿಸುತ್ತದೆ.

ರುಚಿಗೆ ಹೆಸರು

ಸೆಪ್ಟೆಂಬರ್‌ನಲ್ಲಿ ಸೊಪ್ಪಿನ ಲೆಕ್ಕ ಶುರು ಮಾಡಿದೆ. ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಲು 8ರಿಂದ 15 ಸಲ ಅದು ಕಣ್ಣಿಗೆ, ಬಾಯಿಗೆ ಬೀಳಬೇಕಾಗಬಹುದು ಅನ್ನೋದು ಹಲವು ಅಧ್ಯಯನಗಳಲ್ಲಿ ಕಂಡಿರುವ ಸಂಗತಿ. ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸಿನ ಅಂಜಿಕೆ ಜಾಸ್ತಿ ಇರುತ್ತದೆ. ನಾವು ಮೂರ್ನಾಲ್ಕು ಸಲ ಕೊಟ್ಟು "ಇವನಿಗೆ ಸೊಪ್ಪು ಆಗಲ್ಲ" ಅಂತ ಮುದ್ರೆ ಒತ್ತಿಬಿಡುತ್ತೇವೆ. ಆ ಮಾತನ್ನು ಮಗುವಿನ ಎದುರೇ ಹೇಳುತ್ತೇವೆ. ಮಗು ಅದನ್ನೂ ಕಲಿಯುತ್ತದೆ.

ದಂಟಿನ ಸೊಪ್ಪಿನ ಪಲ್ಯ ಪ್ರತಿ ಸಲವೂ ಒಂದೇ ಚಮಚ ಬಡಿಸಿದೆವು. ಮೊದಲ ಮೂರು ಸಲ ತಟ್ಟೆಯ ಅಂಚಿಗೆ ತಳ್ಳಿದ. ನಾಲ್ಕನೇ ಸಲ ಮೂಸಿದ. ಆರನೇ ಸಲ ಬಾಯಿಗಿಟ್ಟು ತೆಗೆದು ತಟ್ಟೆಗೆ ಹಾಕಿದ. ಅಜ್ಜಿ "ಥೂ" ಅನ್ನಲು ಹೋದರು, ನಾನು ಬೇಡ ಅಂದೆ. ತೆಗೆದು ಹಾಕಲು ಬಿಟ್ಟರೆ ತಾನೇ ಮತ್ತೆ ಬಾಯಿಗಿಡುವ ಧೈರ್ಯ ಬರುವುದು? 11ನೇ ಸಲ ನುಂಗಿದ. ಇಷ್ಟಪಟ್ಟು ತಿಂದ ಅಂತ ಹೇಳಲಾರೆ. ನುಂಗಿದ, ನೀರು ಕುಡಿದ.

ಈ ನಡುವೆ ಹೆಸರುಗಳು ಬಂದವು. ಮಮ್ಮಂ ಹೋಗಿ ಅನ್ನ, ಸಾರು, ಪಲ್ಯ, ಕ್ಯಾರೆಟ್ಟು ಬೇರೆ ಬೇರೆ ಆದವು. ನೆಲ್ಲಿಕಾಯಿ ದಿನ ಸಣ್ಣ ಹೋಳು ಮಾಡಿ ಎಲ್ಲರಿಗೂ ಕೊಟ್ಟೆ. ಕಚ್ಚಿದ ಕೂಡಲೇ 17 ಮುಖಗಳೂ ಕಿವುಚಿಕೊಂಡವು. "ಇದು ಒಗರು" ಅಂದೆ. "ಈಗ ನೀರು ಕುಡೀರಿ." ಕುಡಿದರು. ನೀರು ಸಿಹಿ! ಲೋಟದಲ್ಲಿ ಸಕ್ಕರೆ ಇದೆಯಾ ಅಂತ ಬಗ್ಗಿ ಬಗ್ಗಿ ನೋಡಿದರು. ಪುಟ್ಟ ಇನ್ನೊಂದು ಹೋಳು ಕೇಳಿ ತೆಗೆದುಕೊಂಡು, ಮತ್ತೆ ನೀರು ಕುಡಿದು ನೋಡಿದ. ಅದೇ ಸಿಹಿ ಮತ್ತೆ ಬರುತ್ತಾ ಅಂತ ಪರೀಕ್ಷೆ ಮಾಡುತ್ತಿದ್ದ ಅಂತ ನನಗೆ ಆಮೇಲೆ ಹೊಳೆಯಿತು. ಒಗರು ಅನ್ನುವ ಪದ ಆ ವಾರ ಎಲ್ಲದಕ್ಕೂ ಬಂತು. ಬಾಳೆಕಾಯಿ ಒಗರು, ಸೀಬೆಕಾಯಿ ಒಗರು, ಬೈಯುವ ಅಪ್ಪನೂ ಒಗರು.

ದೀಪಾವಳಿಗೆ ಹತ್ತು ದಿನ ಬೆಂಗಳೂರಿನ ನೆಂಟರ ಮನೆಗೆ ಹೋಗಿ ಬಂದ. ಫೋನು, ಬಾಟಲಿ ಎರಡೂ ವಾಪಸ್ ಬಂದಿದ್ದವು. ಹೊಸ ಜಾಗ, ಅಳು ನಿಲ್ಲಿಸಲು ಬೇರೆ ದಾರಿ ಕಾಣಲಿಲ್ಲ ಅಂದರು ಅಮ್ಮ. ನಾನೇನೂ ಅನ್ನಲಿಲ್ಲ. ಅಂಗನವಾಡಿಯ ಸಾಲಿನಲ್ಲಿ ಎರಡು ದಿನ ಮುಖ ಊದಿಸಿಕೊಂಡು ಕೂತ. ಮೂರನೇ ದಿನ ತಟ್ಟೆ ಹಂಚಲು ತಾನೇ ಎದ್ದ.

ಅವರೆ ಹಿತುಕಿದ ದಿನ

ಡಿಸೆಂಬರ್ ಬಂತು ಅಂದರೆ ನಮ್ಮ ಕಡೆ ಅವರೆಕಾಯಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುನಡುವೆ ಬಿಡುವ ಸಾಲಿನಲ್ಲಿ, ಅವರೆ, ತೊಗರಿ, ಹುಚ್ಚೆಳ್ಳು ಹಾಕುವುದು ಇಲ್ಲಿಯ ಹಳೇ ಪದ್ಧತಿ. ಪುಟ್ಟನ ಅಜ್ಜಿ ಒಂದು ಸೋಮವಾರ ಸೆರಗಿನ ತುಂಬ ಕಾಯಿ ತಂದು ಸುರಿದರು. "ಹಿತಕಿದ ಬೇಳೆ ಮಾಡಾಣ ಟೀಚರಮ್ಮ, ಹುಡುಗ್ರು ಹಿತುಕ್ತವೆ" ಅಂದರು. ಆರು ತಿಂಗಳ ಹಿಂದೆ ಮೊಮ್ಮಗನ ಕೈಗೆ ಅನ್ನ ಅಂಟಿದರೆ ಓಡಿಬಂದು ಒರೆಸುತ್ತಿದ್ದವರು ಇವರೇ.

ಮೊದಲ ದಿನ ಕಾಯಿ ಬಿಡಿಸಿದೆವು. ಸಿಪ್ಪೆಯ ಎಣ್ಣೆಯಂಥ ಅಂಟು ಕೈಗೆ ಹತ್ತಿತು. ಅಜ್ಜಿ ಎಲ್ಲರಿಗೂ ಕೈ ಮೂಸಲು ಹೇಳಿದರು. "ಇದು ಸೊಗಡು. ಮಂಜು ಬಿದ್ದಷ್ಟೂ ಸೊಗಡು ಜಾಸ್ತಿ." ಪುಟ್ಟ ತನ್ನ ಹತ್ತು ಬೆರಳನ್ನೂ ಒಂದೊಂದಾಗಿ ಮೂಸಿದ. ಒರೆಸು ಅಂತ ಕೈ ಚಾಚಲಿಲ್ಲ. ಒಂದು ಕಾಯಲ್ಲಿ ಹುಳ ಸಿಕ್ಕಿತು. ಎಲ್ಲ ಕೆಲಸ ನಿಂತಿತು, ಹುಳದ ಸುತ್ತ 15 ತಲೆ. ಅದು ಏನು ತಿನ್ನುತ್ತದೆ, ಅದಕ್ಕೆ ಅಮ್ಮ ಇದೆಯಾ, ಅದನ್ನು ಎಲ್ಲಿ ಬಿಡಬೇಕು ಅಂತ ಚರ್ಚೆ ನಡೆಯಿತು. ಕೊನೆಗೆ ಬೇಲಿ ಹತ್ತಿರ ಬಿಟ್ಟು ಬಂದರು.

ಕಾಳನ್ನು ರಾತ್ರಿ ನೀರಿಗೆ ಹಾಕಿದೆವು. ಹಾಕುವ ಮುಂಚೆ ಪಾತ್ರೆಯ ಎಲ್ಲಿವರೆಗೆ ಕಾಳಿದೆ ಅಂತ ಮಕ್ಕಳ ಕೈಯಲ್ಲೇ ಸೀಮೆಸುಣ್ಣದ ಗೆರೆ ಎಳೆಸಿದೆ. ಬೆಳಿಗ್ಗೆ ನೋಡಿದರೆ ಕಾಳು ಗೆರೆ ದಾಟಿ ಮೇಲೆ ಬಂದಿತ್ತು. "ಯಾರು ಜಾಸ್ತಿ ಹಾಕಿದ್ದು?" ಅಂತ ಒಬ್ಬಳು ಕೇಳಿದಳು. ಪುಟ್ಟ ಒಂದು ಕಾಳು ಎತ್ತಿ ನೋಡಿ, "ನೀರು ಕುಡ್ದು ದಪ್ಪ ಆಯ್ತು" ಅಂದ. ಹೆಸರುಕಾಳಿನ ಬಟ್ಟೆ ಬಿಚ್ಚಿ ಬಿಚ್ಚಿ ನೋಡಿದ್ದವನು ಅವನು. ಜುಲೈನಲ್ಲಿ ನೋಡಿದ್ದು ಡಿಸೆಂಬರ್‌ನಲ್ಲಿ ಮಾತಾಗಿ ಬಂತು.

ಹಿತುಕುವುದು ಅಜ್ಜಿ ಹೇಳಿಕೊಟ್ಟರು. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕಂತ ಹಾರುತ್ತದೆ. ಜೋರಾಗಿ ಒತ್ತಿದರೆ ಬೇಳೆ ಎರಡಾಗುತ್ತದೆ, ಮೆಲ್ಲಗಾದರೆ ಬರುವುದೇ ಇಲ್ಲ. ಎಷ್ಟು ಒತ್ತಬೇಕು ಅಂತ ಯಾರೂ ಬಾಯಲ್ಲಿ ಹೇಳಲಾರರು, ಬೆರಳಿಗೇ ಗೊತ್ತಾಗಬೇಕು. ಪುಟ್ಟನ ಮೊದಲ ಬೇಳೆ ಹಾರಿ ಅಕ್ಕನ ಮೂಗಿಗೆ ಬಡಿಯಿತು. ಆ ನಗು ಒಂದು ಐದು ನಿಮಿಷ ನಿಲ್ಲಲಿಲ್ಲ. ಆಮೇಲೆ ಎಡಗೈ ಅಡ್ಡ ಹಿಡಿಯುವುದನ್ನು ತಾನೇ ಕಂಡುಕೊಂಡ. ಮುಂದೆ ಸೀಮೆಸುಣ್ಣ, ಪೆನ್ಸಿಲ್ ಹಿಡಿಯುವುದೂ ಇದೇ ಎರಡು ಬೆರಳು. ನಾನು ಮಣಿ ಪೋಣಿಸಲು ಕೊಟ್ಟಾಗ ಐದು ನಿಮಿಷಕ್ಕೆ ಎದ್ದು ಹೋಗುವ ಮಗು ಅಂದು ಅರ್ಧ ಗಂಟೆ ಕೂತಿತ್ತು.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಹಸಿ ಅವರೆಕಾಳನ್ನು ಹಾಗೇ ತಿನ್ನಲು ಬಿಡಬಾರದು, ಬೇಯಿಸಿಯೇ ತಿನ್ನಬೇಕು. ಕಾಳು ಮೂಗಿಗೆ ತುರುಕಿಕೊಳ್ಳುವ ವಯಸ್ಸೂ ಇದೇ. ಅದಕ್ಕೇ ನಾನು, ಸಹಾಯಕಿ, ಅಜ್ಜಿ ಮೂವರೂ ಮಕ್ಕಳ ನಡುವೆಯೇ ಕೂತಿದ್ದೆವು. ಒಬ್ಬ ಬಾಯಿಗೆ ಹಾಕಿಕೊಂಡಿದ್ದನ್ನು ಉಗುಳಿಸಿದೆವು. ಇಡೀ ಕಡಲೆಬೀಜವನ್ನೂ ನಾವು ಈ ಮಕ್ಕಳಿಗೆ ಕೊಡುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡುತ್ತೇವೆ.

ಸಿಪ್ಪೆಯನ್ನು ಏನು ಮಾಡುವುದು ಅಂತ ಕೇಳಿದೆ. ಪುಟ್ಟ ಬುಟ್ಟಿ ಹಿಡಿದು ಪಕ್ಕದ ಮನೆ ಹಸುವಿಗೆ ಹಾಕಿ ಬಂದ. ಹಸು ತಿನ್ನುವುದನ್ನು ನಿಂತು ನೋಡಿ ಬಂದು ವರದಿ ಕೊಟ್ಟ: "ಅದು ಅಗೀತದೆ."

ಮಧ್ಯಾಹ್ನ ಹಿತಕಿದ ಬೇಳೆ ಸಾರು, ಅನ್ನ. ಅಜ್ಜಿ ಮನೆಯಿಂದ ಒಂದು ಮುದ್ದೆಯನ್ನೂ ತಂದಿದ್ದರು, ಮಕ್ಕಳಿಗೆಲ್ಲ ಗೋಲಿಯಷ್ಟು ಗೋಲಿಯಷ್ಟು ಕೊಟ್ಟರು. ಪುಟ್ಟ ತಟ್ಟೆಯೊಳಗೆ ಬೆರಳಿಟ್ಟು ಹುಡುಕಿದ. "ನಾನು ಹಿತಕಿದ್ದು ಯಾವ್ದು?" ಅಂತ ಕೇಳಿದ. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅವನ ಬೇಳೆ ಎಲ್ಲರ ತಟ್ಟೆಯಲ್ಲೂ ಇತ್ತು. ಅದನ್ನು ಹೇಳಿದೆ. ಅವನು ಸಾಲಿನ ಎರಡೂ ತುದಿ ನೋಡಿ, ತುಂಬಾ ಗಂಭೀರವಾಗಿ ಉಣ್ಣಲು ಶುರು ಮಾಡಿದ.

ಜನವರಿ

ಜನವರಿಯಲ್ಲಿ ತೂಕ 13.2 ಕೆಜಿ. ಏಳು ತಿಂಗಳಿಗೆ 1.1 ಕೆಜಿ. ಇದೇನೂ ಪವಾಡ ಅಲ್ಲ, ಆ ವಯಸ್ಸಿನ ಮಗು ಹೆಚ್ಚುವಷ್ಟೇ ಹೆಚ್ಚಿದ್ದಾನೆ. ಅಜ್ಜಿಯ ಕೈತುತ್ತು, ಫೋನು ಬಿಟ್ಟರೆ ಮಗು ಸೊರಗುತ್ತದೆ ಅನ್ನುವ ಭಯ ನಿಜವಾಗಲಿಲ್ಲ, ಅಷ್ಟು ನನಗೆ ಸಾಕು. ತೂಕ ಒಂದನ್ನೇ ನೋಡಿದ್ದರೆ ಈ ಏಳು ತಿಂಗಳು ಏನೂ ನಡೆದಿಲ್ಲ ಅಂತಲೇ ಅನ್ನಿಸುತ್ತಿತ್ತು.

ಬದಲಾಗದ್ದೂ ಇದೆ. ಮೊಟ್ಟೆಯ ಹಳದಿ ಇವತ್ತಿಗೂ ತಿನ್ನಲ್ಲ. ಬಿಳಿ ತಿಂದು, ಹಳದಿಯನ್ನು ಉಂಡೆಯಾಗಿಯೇ ತಟ್ಟೆಯಲ್ಲಿ ಬಿಡುತ್ತಾನೆ. ನಾನು ಬಲವಂತ ಮಾಡಿಲ್ಲ. ರಾತ್ರಿ ಮಲಗುವಾಗ ಬಾಟಲಿ ಇನ್ನೂ ಇದೆ. ಕೆಲಸದಿಂದ ದಣಿದು ಬಂದ ದಿನ ರಾತ್ರಿ ಊಟಕ್ಕೆ ಫೋನು ಕೊಡುತ್ತೇನೆ ಅಂತ ಅಮ್ಮ ಮುಚ್ಚಿಡದೆ ಹೇಳಿದರು. ಹನ್ನೆರಡು ಗಂಟೆ ಹೊರಗಿದ್ದು ಬರುವ ಹೆಣ್ಣುಮಗಳಿಗೆ ಇನ್ನೊಂದು ಪಾಠ ಹೇಳಲು ನನಗೆ ಮನಸ್ಸಾಗಲಿಲ್ಲ. ಭಾನುವಾರ ಮಾತ್ರ ಅಮ್ಮ, ಮಗ ಸೇರಿ ಚಪಾತಿ ಲಟ್ಟಿಸುತ್ತಾರಂತೆ. ಅವನ ಚಪಾತಿಯನ್ನು ಅಪ್ಪನೇ ತಿನ್ನಬೇಕಂತೆ.

ಮತ್ತೆ ಇಂಥ ಮಗು ಬಂದರೆ ಒಂದನ್ನು ಬೇರೆ ಥರ ಮಾಡುತ್ತೇನೆ. ಅಜ್ಜಿಯ ಹತ್ತಿರ ಮೊದಲೇ ಹೋಗುತ್ತೇನೆ. ಜೂನ್ ಪೂರ್ತಿ ನಾನು ಅವರನ್ನು ಅಡ್ಡಿ ಅಂದುಕೊಂಡೆ. ಡಿಸೆಂಬರ್‌ನಲ್ಲಿ ನನಗಿಂತ ಚೆನ್ನಾಗಿ ಕಲಿಸಿದವರು ಅವರು. ಕೈತುತ್ತು ಕೊಡುತ್ತಿದ್ದ ಕೈಗೆ ಬೇರೆ ಕೆಲಸ ಬೇಕಿತ್ತು. ಅದನ್ನು ನಾನು ಆರು ತಿಂಗಳು ಯೋಚಿಸಲೇ ಇಲ್ಲ.

ಸಂಕ್ರಾಂತಿ ಕಳೆದ ವಾರ ಮತ್ತೆ ಅವರೆಕಾಳು ಸಾರು ಮಾಡಿದ್ದೆವು. ಅಜ್ಜಿ ಅಂದು ಬಂದಿರಲಿಲ್ಲ, ಹೊಲದಲ್ಲಿ ಕೆಲಸ ಇತ್ತು. ನೋಟ್‌ಬುಕ್‌ನ ಆ ದಿನದ ಸಾಲು ಹೀಗಿದೆ: "ಅನ್ನ, ಅವರೆಕಾಳು ಸಾರು. ಎರಡು ಸಲ ಹಾಕಿಸಿಕೊಂಡ. ಮೂರನೇ ಸಲ ಸೌಟು ತಂದಾಗ ತಟ್ಟೆ ಮೇಲೆ ಕೈ ಅಡ್ಡ ಇಟ್ಟು 'ಸಾಕು' ಅಂದ."